ಹೆಣದ ನೀರು

ಚೆಕ್ಕರಮ್ಮನ ಎಡ ಮೊಲೆ ಒಂದು ಶುಕ್ರವಾರ ಸಂಜೆ ಆರೂವರೆಗೆ ಮನೆಗೆ ಬಂತು. ಚೆಕ್ಕರಮ್ಮ ಬಂದದ್ದು ಮುಂದಿನ ಬುಧವಾರ.

ತಂದವನು ಅವಳ ಗಂಡ. ಬೀದಿಗೆಲ್ಲ ಅವನು ಬೈಂಡರ್. ಹರಿದ ಪುಸ್ತಕಕ್ಕೆ ರಟ್ಟು ಹಾಕಿ ಹೊಲಿಯುವುದು ಅವನ ಕಸುಬು. ಗೆಡ್ಡೆಯೆದ್ದ ಮೊಲೆಯನ್ನು ಕೊಯ್ದು ತೆಗೆದ ನರ್ಸಿಂಗ್ ಹೋಮಿನವರು ಮಧ್ಯಾಹ್ನ ಎರಡಕ್ಕೇ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಇವತ್ತೇ ಲ್ಯಾಬಿಗೆ ಮುಟ್ಟಿಸಿ, ಐದಕ್ಕೆ ಮುಚ್ಚುತ್ತಾರೆ ಎಂದು ಹೇಳಿದ್ದರು. ಬೈಂಡರ್ ದಾರಿಯಲ್ಲಿ ಒಂದು ಗಳಿಗೆ ಎಂದು ತನ್ನ ಅಂಗಡಿಗೆ ಹೊಕ್ಕ. ಯಾವುದೋ ಲೈಬ್ರರಿಯ ನಾನೂರು ಪುಸ್ತಕ ಶನಿವಾರಕ್ಕೆ ಕೊಡಬೇಕಿತ್ತು. ಕೆಲಸದವನು ರಟ್ಟುಗಳನ್ನು ತಲೆಕೆಳಗಾಗಿ ಅಂಟಿಸಿ ಕೂತಿದ್ದ. ಅವನಿಗೆ ಬೈದು, ಬಿಚ್ಚಿ, ಮತ್ತೆ ಅಂಟಿಸಿ ತಲೆ ಎತ್ತುವಷ್ಟರಲ್ಲಿ ಐದೂಮುಕ್ಕಾಲು. ಶನಿವಾರ ಪುಸ್ತಕ ಕೊಡುವ ದಿನ, ಭಾನುವಾರ ಲ್ಯಾಬಿಗೆ ರಜ. ಹೆಂಡತಿಯ ಮೊಲೆ ಸೋಮವಾರದವರೆಗೆ ಕಾಯಬೇಕಾಯಿತು. ಪುಸ್ತಕಗಳು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಹೋದವು.

ಎರಡು ಕೋಣೆ, ಒಂದು ಅಡುಗೆಮನೆಯ ಮನೆ. ಬೈಂಡರ್ ಡಬ್ಬಿಯ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋದ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಳಗಿನ ನೀರು ಚೀಲಕ್ಕೆ ಒಸರಿ, ಐದು ನಿಮಿಷದಲ್ಲಿ ಎಲ್ಲರ ಕಣ್ಣು ಉರಿಯತೊಡಗಿತು. ಕಾಲೇಜಿಗೆ ಹೋಗುವ ಮಗಳು ಕೆಮ್ಮುತ್ತ ಕಿಟಕಿ ತೆರೆದಳು. ಅವಳ ಬಾಯಿಯ ಖಾರಕ್ಕೆ ಮನೆಯಲ್ಲಿ ಅವಳನ್ನು ಮೆಣಸು ಎಂದು ಕರೆಯುತ್ತಿದ್ದರು.

ಬೈಂಡರನ ತಾಯಿ ಬಂದು ಒಂದೇ ಸಲ ಮೂಸಿ ನೋಡಿದಳು. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಕಡೆಯ ಒಂಬತ್ತು ವರ್ಷ ಶವಾಗಾರದಲ್ಲಿ. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ಆಯಮ್ಮನ ಅಭಿಪ್ರಾಯ ಆಗಬೇಕು. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರೆ. ಆದರೆ ಆಯಮ್ಮನಿಗೆ ಇದ್ದದ್ದು ಬರೀ ಗರ್ವವಲ್ಲ, ಅದೂ ಹೇಳಬೇಕು.

"ಇದು ಹೆಣದ ನೀರು," ಅಂದಳು. "ಒಂಬತ್ತು ವರ್ಷ ನೆಲ ಒರೆಸಿದೀನಿ, ನಂಗೆ ಗೊತ್ತಿಲ್ವಾ? ಸತ್ತವರು ಕೆಡಬಾರದು ಅಂತ ಹಾಕೋದು. ಬದುಕಿರೋಳ ಮೈಗೆ ಇದನ್ನ ಹಾಕ್ತಾರಾ?"

ಆಯಮ್ಮ ಡಬ್ಬಿಯನ್ನು ಬಚ್ಚಲಿಗೆ ಒಯ್ದು ಹೆಣದ ನೀರನ್ನು ಮೋರಿಗೆ ಚೆಲ್ಲಿದಳು. ಸೊಸೆಯ ಮೊಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸಿಗೆ ಎರೆಯುವ ಹಾಗೆ ನಲ್ಲಿಯ ಕೆಳಗೆ ತಿರುವಿ ತಿರುವಿ ತೊಳೆದಳು. ಕುದಿಸಿ ಆರಿಸಿದ ಉಪ್ಪುನೀರು ತುಂಬಿ, ಮುಚ್ಚಳ ಬಿಗಿದು, ಒದ್ದೆ ಬಟ್ಟೆ ಸುತ್ತಿ, ಬಚ್ಚಲ ಮೂಲೆಯ ತಂಪಿನಲ್ಲಿ ಇಟ್ಟಳು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಮೆಣಸು ಏನಜ್ಜಿ ಅದು ಎಂದು ಕೇಳಿದಳು. ನಿಮ್ಮಮ್ಮಂದು, ಹೋಗಿ ಊಟ ಬಡಿಸು ಎಂಬ ಉತ್ತರ ಬಂತು. ಮೆಣಸು ಆ ರಾತ್ರಿ ಊಟ ಮಾಡಲಿಲ್ಲ. ಉಳಿದಿಬ್ಬರು ಅನ್ನ ಮೊಟ್ಟೆ ಉಂಡರು.

ಭಾನುವಾರ ಆಯಮ್ಮ ಮಗನಿಗೆ ಹೇಳಿದಳು: "ನೀರು ಬದಲಾಯಿಸಿದೀನಿ. ಲ್ಯಾಬಲ್ಲಿ ಹೇಳಿಬಿಡು, ಆಮೇಲೆ ಗೊಂದಲ ಬೇಡ."

ಬೈಂಡರ್ ಹೂಂ ಅಂದ.

ಸೋಮವಾರ ಲ್ಯಾಬಿನ ಟೆಕ್ನಿಷಿಯನ್ ಮುಚ್ಚಳ ತೆಗೆದವನೇ ಮುಖ ಹಿಂದಕ್ಕೆ ಎಳೆದುಕೊಂಡ. ಇದೇನು ನೀರು, ಫಾರ್ಮಲಿನ್ ಎಲ್ಲಿ ಹೋಯಿತು, ಯಾವಾಗ ತೆಗೆದದ್ದು ಎಂದು ಸಾಲಾಗಿ ಕೇಳಿದ. ಬೈಂಡರನ ಹಿಂದೆ ಐದಾರು ಜನ ನಿಂತಿದ್ದರು. ನಮ್ಮಮ್ಮ ಚೆಲ್ಲಿದಳು ಅಂದರೆ, ಮನೆಗೆ ಯಾಕೆ ಒಯ್ದೆ ಅನ್ನುತ್ತಾರೆ; ಮನೆಗೆ ಯಾಕೆ ಅಂದರೆ ನಾನೂರು ಪುಸ್ತಕದ ಕಥೆ ಬರುತ್ತದೆ; ಎಲ್ಲರೆದುರು ಛೀಮಾರಿ ಹಾಕುತ್ತಾರೆ. ಇಷ್ಟೇ ಅವನ ಲೆಕ್ಕಾಚಾರ.

"ಆಸ್ಪತ್ರೆಯವರು ಕೊಟ್ಟ ಹಾಗೇ ತಂದಿದೀನಿ," ಅಂದ.

ಟೆಕ್ನಿಷಿಯನ್ ಅದನ್ನು ರಿಜಿಸ್ಟರಿನಲ್ಲಿ ಬರೆದು ಅವನ ಕಡೆ ತಿರುಗಿಸಿದ. ಬೈಂಡರ್ ಸಹಿ ಹಾಕಿದ. ಮನೆಯಲ್ಲಿ ತಾಯಿ ಹೇಳಿದೆಯಾ ಎಂದು ಕೇಳಿದ್ದಕ್ಕೆ ಹೇಳಿದೆ ಅಂದ. ಏನಂದರು ಎಂದು ಕೇಳಿದ್ದಕ್ಕೆ, ಪರವಾಗಿಲ್ಲ ಅಂದರು ಅಂದ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಪುಕ್ಕಟೆ.

ಮೂರು ವಾರಕ್ಕೆ ರಿಪೋರ್ಟು ಬಂತು. ಕ್ಯಾನ್ಸರ್ ಡಾಕ್ಟರು ಸಾವಧಾನದ ಮನುಷ್ಯ. ಚೆಕ್ಕರಮ್ಮ ಶರ್ಟಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಗೆ ಪರೀಕ್ಷಿಸುವ ಚೆಕ್ಕರ್ ಎಂದು ತಿಳಿದು, ಅವಳಿಗೆ ಅರ್ಥವಾಗುವ ಹಾಗೆ ಹೇಳಿದರು. ಗೆಡ್ಡೆಯ ಕಣಗಳಲ್ಲಿ ಕೊಕ್ಕೆಗಳಿರುತ್ತವೆ, ರವಿಕೆಯ ಕೊಕ್ಕೆ ಥರ. ಹೆಣ್ಣಿನ ಮೈಯಲ್ಲಿ ಹರಿಯುವ ಹಾರ್ಮೋನು ಆ ಕೊಕ್ಕೆಗೆ ಸಿಕ್ಕಿಕೊಂಡು ಗೆಡ್ಡೆಯನ್ನು ಬೆಳೆಸುತ್ತದೆ. ಅಂಥ ಕೊಕ್ಕೆ ಎರಡು ಬಗೆ. ಮೂರನೆಯದು ಒಂದು ಪ್ರೋಟೀನು. ಅದು ಜಾಸ್ತಿಯಾದರೆ ಕಣಗಳಿಗೆ ಬೆಳೆ ಬೆಳೆ ಎಂದು ಅಪ್ಪಣೆ ಕೊಡುತ್ತಲೇ ಇರುತ್ತದೆ. ತುಣುಕಿಗೆ ಬಣ್ಣ ಹಾಕಿ ನೋಡಿದಾಗ ಕೊಕ್ಕೆಗಳಿದ್ದರೆ ಕಂದು ಬಣ್ಣ ಹತ್ತಬೇಕು. ಹತ್ತಿದರೆ ದಿನಕ್ಕೊಂದು ಗುಳಿಗೆ ಕೊಟ್ಟು ಕೊಕ್ಕೆಯನ್ನೇ ಮುಚ್ಚಬಹುದು.

"ನಂಗೆ ಹತ್ತಿದೆಯಾ?" ಎಂದು ಚೆಕ್ಕರಮ್ಮ ಕೇಳಿದಳು.

ಹತ್ತಿರಲಿಲ್ಲ. ಮೂರಕ್ಕೂ ಇಲ್ಲ. ಆದರೆ ರಿಪೋರ್ಟಿನ ಕೆಳಗೆ, ತುಣುಕು ಕೆಟ್ಟ ಹಾಗಿದೆ ಎಂಬ ಒಂದು ಸಾಲಿತ್ತು. ಡಾಕ್ಟರು ಕನ್ನಡಕ ತೆಗೆದು ಬೈಂಡರನನ್ನೇ ನೋಡಿ, ತೆಗೆದಾಗಿನಿಂದ ಲ್ಯಾಬಿಗೆ ಕೊಡುವವರೆಗೂ ಅದು ಅದೇ ದ್ರವದಲ್ಲಿ ಇತ್ತೇ ಎಂದು ಕೇಳಿದರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಈಗಲಾದರೂ ಹೇಳಬಹುದಿತ್ತು. ಇಲ್ಲಿ ಸಾಲಿನಲ್ಲಿ ನಿಂತವರು ಯಾರೂ ಇರಲಿಲ್ಲ.

"ಇತ್ತು ಸಾರ್. ಕೊಟ್ಟ ಹಾಗೇ ತಂದ್ವಿ."

"ಹಾಗಾದ್ರೆ ಇದನ್ನೇ ನಂಬಬೇಕು," ಎಂದು ಡಾಕ್ಟರು ಬರೆಯತೊಡಗಿದರು. ಗುಳಿಗೆ ಇಲ್ಲ. ಮೂರು ವಾರಕ್ಕೊಮ್ಮೆ ಡ್ರಿಪ್ಪು, ಎಂಟು ಸಲ.

ಎರಡನೆಯ ಡ್ರಿಪ್ಪಿಗೆ ಕೂದಲು ಹೋಯಿತು. ಬಾಯೊಳಗೆ ಹುಣ್ಣೆದ್ದು ನೀರೂ ಉರಿಯುತ್ತಿತ್ತು. ಆಯಮ್ಮ ಗಂಜಿ ಬೇಯಿಸಿ, ಹಿಸುಕಿ, ಸೋಸಿ ತಂದು ಕೂರುತ್ತಿದ್ದಳು. ಕೈ ಸೇವೆ ಮಾಡುತ್ತಿದ್ದರೆ ಬಾಯಿ ಸುಮ್ಮನಿರಬೇಕಲ್ಲ, ಅದು ಆಯಮ್ಮನ ಜಾಯಮಾನದಲ್ಲಿರಲಿಲ್ಲ. ಚೆಕ್ಕರಮ್ಮನ ಕಾರ್ಖಾನೆಯ ಕ್ಯಾಂಟೀನಿನವಳಿಗೂ ಇದೇ ರೋಗ. ಅವಳು ಬೆಳಿಗ್ಗೆ ಒಂದು ಗುಳಿಗೆ ನುಂಗಿ, ಟೀ ಮಾಡಿ, ನಗುನಗುತ್ತ ಓಡಾಡುತ್ತಿದ್ದಳು.

"ಅವಳ ಗೆಡ್ಡೆ ಹೇಳಿದ ಮಾತು ಕೇಳತ್ತೆ," ಎಂದಳು ಆಯಮ್ಮ ಒಂದು ಬೆಳಿಗ್ಗೆ. "ನಿಂದು ನಿನ್ನ ಥರಾನೇ. ಯಾರ ಮಾತಿಗೂ ಬಗ್ಗಲ್ಲ."

ಚೆಕ್ಕರಮ್ಮ ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದಳು. ಆಯಮ್ಮ ಗೋಡೆ ಒರೆಸಿ ಇನ್ನೊಂದು ಬಟ್ಟಲು ತಂದಳು. ಬೈಂಡರ್ ಶರ್ಟು ತೊಟ್ಟು, ಅಂಗಡಿಗೆ ಹೊತ್ತಾಯಿತು ಎಂದು ಹೊರಟುಹೋದ. ಆ ವರ್ಷ ಅವನಿಗೆ ಅಂಗಡಿಗೆ ಯಾವಾಗಲೂ ಹೊತ್ತಾಗುತ್ತಿತ್ತು.

ಡ್ರಿಪ್ಪು ಮುಗಿದರೂ ಬೆರಳ ತುದಿಗಳ ಜೋಮು ಹೋಗಲಿಲ್ಲ. ಚೆಕ್ಕರಮ್ಮನಿಗೆ ಅನ್ನ ಹಾಕಿದ್ದೇ ಆ ಬೆರಳು. ಕಾಲರಿನ ಅಂಚಿನ ಮೇಲೆ ಒಮ್ಮೆ ಓಡಿಸಿದರೆ ಸಾಕು, ತಪ್ಪಿದ ಹೊಲಿಗೆ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಅವಳು ಸರಿ ಅಂದ ಶರ್ಟನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ಕಾರ್ಖಾನೆಗೆ ಹಿಂದಿರುಗಿದ ಒಂದೇ ವಾರದಲ್ಲಿ ಅವಳು ಪಾಸು ಮಾಡಿದ ಎರಡು ಪೆಟ್ಟಿಗೆ ವಾಪಸು ಬಂದವು. ಸೂಪರ್‌ವೈಸರ್ ಅವಳನ್ನು ದಾರ ಕತ್ತರಿಸುವ ಮೇಜಿಗೆ ಕೂರಿಸಿದ. ಅಲ್ಲಿ ತನ್ನ ಬೆರಳನ್ನೇ ಕತ್ತರಿಸಿಕೊಂಡದ್ದು ರಕ್ತ ಬಟ್ಟೆಗೆ ಹತ್ತಿದ ಮೇಲೆಯೇ ಅವಳಿಗೆ ಗೊತ್ತಾಯಿತು. ಮನೆಯಲ್ಲೇ ಇರಿ ಚೆಕ್ಕರಮ್ಮಾ ಎಂದು ಅವನು ಮರ್ಯಾದೆಯಾಗಿಯೇ ಹೇಳಿದ. ಅವಳು ಹೆಸರಿನಲ್ಲಿ ಮಾತ್ರ ಚೆಕ್ಕರ್ ಆಗಿ ಉಳಿದಳು.

ಆಪರೇಷನ್ ಆಗಿ ಒಂದು ವರ್ಷ ಎರಡು ತಿಂಗಳಿಗೆ ಸೊಂಟ ನೋವು ಶುರುವಾಯಿತು, ಕತ್ತಿನ ಬುಡದಲ್ಲಿ ಒಂದು ಗಂಟೆದ್ದಿತು. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಮೂರು ಕಡೆ ಕಲೆ. ಗಂಟಿನಿಂದ ತುಣುಕು ತೆಗೆದಾಗ ಬೈಂಡರ್ ತಾನು ಲ್ಯಾಬಿಗೆ ಒಯ್ಯುತ್ತೇನೆಂದ. ಚೆಕ್ಕರಮ್ಮ ಕೊಡಲಿಲ್ಲ. ಪುಟ್ಟ ಸೀಸೆಯನ್ನು ಎರಡೂ ಅಂಗೈ ನಡುವೆ ಹಿಡಿದು, ಬಸ್ಸಿನಲ್ಲಿ ಮಗಳ ಪಕ್ಕ ಕೂತು, ನೇರವಾಗಿ ಲ್ಯಾಬಿಗೆ ಹೋಗಿ ಕೊಟ್ಟಳು. ಅವಳಿಗೆ ಯಾವ ಸಂಶಯವೂ ಇರಲಿಲ್ಲ. ತನ್ನ ಮಾಲು ತಾನೇ ನೋಡಿಕೊಳ್ಳುವುದು ಕಸುಬಿನ ಅಭ್ಯಾಸ, ಅಷ್ಟೆ.

ಈ ಸಲ ಕಂದು ಬಣ್ಣ ಹತ್ತಿತ್ತು. ನೂರು ಕಣಕ್ಕೆ ತೊಂಬತ್ತರಲ್ಲಿ ಕೊಕ್ಕೆ.

ಡಾಕ್ಟರು ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಕೆಲವು ಸಲ ಗೆಡ್ಡೆಯ ಗುಣವೇ ಬದಲಾಗುವುದುಂಟು, ಆದರೆ ಇಷ್ಟೊಂದು ಬದಲಾಗುವುದು ಅಪರೂಪ ಅಂದರು. ಆಮೇಲೆ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು: ಆ ಮೊದಲನೆಯ ತುಣುಕು ಅದೇ ದ್ರವದಲ್ಲೇ ಇತ್ತಾ? ಬೈಂಡರ್ ಬಂದಿರಲಿಲ್ಲ, ಅಂಗಡಿಯಲ್ಲಿದ್ದ.

"ಅಜ್ಜಿ ತೊಳೆದಿದ್ರು," ಎಂದಳು ಮೆಣಸು. "ಶುಕ್ರವಾರ ಸಾಯಂಕಾಲ. ಬಚ್ಚಲಲ್ಲಿ. ಸೋಮವಾರದವರೆಗೂ ಉಪ್ಪುನೀರಲ್ಲಿ ಇತ್ತು."

ಅದು ಮುಖ್ಯ ಎಂದು ಅವಳಿಗೆ ಆವರೆಗೂ ಯಾರೂ ಹೇಳಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ದ್ರವದಲ್ಲಿ ಇಲ್ಲದಿದ್ರೆ ಕೊಕ್ಕೆಗಳೆಲ್ಲ ಕೊಳೆತುಹೋಗ್ತವೆ. ಆಮೇಲೆ ಎಷ್ಟು ಬಣ್ಣ ಹಾಕಿದ್ರೂ ಹತ್ತಲ್ಲ. ನಂಗೆ ಆಗಲೇ ಗೊತ್ತಾಗಿದ್ರೆ ಆ ರಿಪೋರ್ಟನ್ನ ನಂಬ್ತಾನೇ ಇರಲಿಲ್ಲ. ಗುಳಿಗೇನೂ ಶುರು ಮಾಡಿಬಿಡ್ತಿದ್ದೆ."

"ಈಗ?" ಎಂದಳು ಚೆಕ್ಕರಮ್ಮ.

"ಈಗಲೂ ಕೊಡ್ತೀನಿ. ವಾಸಿ ಮಾಡೋಕಲ್ಲ, ತಡೆಯೋಕೆ. ಎಷ್ಟು ದಿನ ಕೆಲಸ ಮಾಡತ್ತೋ ಅಷ್ಟು ದಿನ."

ಅಲ್ಲಿಂದ ಚೆಕ್ಕರಮ್ಮ ನೇರ ಮನೆಗೆ ಬರಲಿಲ್ಲ. ಲ್ಯಾಬಿಗೆ ಹೋಗಿ, ಮಗಳನ್ನು ಹೊರಗೆ ನಿಲ್ಲಿಸಿ, ಹತ್ತು ನಿಮಿಷ ಒಳಗಿದ್ದು ಬಂದಳು. ಏನು ಕೇಳಿದೆ ಎಂದರೆ, ಏನೋ ನೋಡೋದಿತ್ತು ಅಂದಳು.

ಆ ರಾತ್ರಿ ಊಟಕ್ಕೆ ನಾಲ್ವರೂ ಕೂತಿದ್ದಾಗ ಅತ್ತೆಯನ್ನು ಕೇಳಿದಳು. ಆಯಮ್ಮ ಒಂದು ಕ್ಷಣವೂ ಹಿಂದೆ ಮುಂದೆ ನೋಡಲಿಲ್ಲ.

"ತೊಳೆದೆ. ಹೆಣದ ನೀರಲ್ಲಿ ಬಿದ್ದಿತ್ತು. ನೀನು ಬದುಕಿದೀಯಲ್ಲ ಅಂತ ತೊಳೆದೆ."

ಚೆಕ್ಕರಮ್ಮ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಆಯಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಅವಳು ಮಗನ ಕಡೆ ತಿರುಗಿ, ಪರವಾಗಿಲ್ಲ ಅಂದಿದ್ದರಲ್ಲ ಎಂದಷ್ಟೇ ಕೇಳಿದಳು. ಬೈಂಡರ್ ತಟ್ಟೆಯಿಂದ ತಲೆ ಎತ್ತದೆ, ಲ್ಯಾಬಿನವರಿಗೇನು ಗೊತ್ತಿರುತ್ತದೆ ಅಂದ. ಮುದುಕಿ ನಂಬಿದಳು. ತಾನು ಹೆತ್ತ ಒಬ್ಬನೇ ಮಗ, ನಂಬದೆ ಏನು ಮಾಡುತ್ತಾಳೆ. ಎಲ್ಲ ತಪ್ಪೂ ತನ್ನ ಎರಡು ಕೈಯದೇ ಎಂದು ಅವತ್ತು ತೀರ್ಮಾನಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಚೆಕ್ಕರಮ್ಮ ಗುಳಿಗೆಯ ಪಟ್ಟಿಯನ್ನು ಅತ್ತೆಯ ಮಡಿಲಿಗೆ ಹಾಕಿದಳು. "ಇನ್ಮೇಲೆ ದಿನಾ ನೀವೇ ಕೊಡಿ ಅತ್ತೆ. ಆಸ್ಪತ್ರೆ ಕೆಲಸ ನಿಮಗೇ ಗೊತ್ತು."

ಆಯಮ್ಮ ಒಂದು ಗುಳಿಗೆ ಬಿಡಿಸಿ, ಲೋಟದಲ್ಲಿ ನೀರು ತಂದು, ಅಂಗೈಯಲ್ಲಿಟ್ಟು ಕೊಟ್ಟಳು. ಬೈಂಡರ್ ಟೀ ಕುಡಿಯುತ್ತಿದ್ದ. ಮೆಣಸು ಬ್ಯಾಗು ಜೋಡಿಸುತ್ತಿದ್ದಳು. ಚೆಕ್ಕರಮ್ಮ ಗುಳಿಗೆಯನ್ನು ಬೆಳಕಿಗೆ ಹಿಡಿದಳು.

"ತೊಳೆದಿಲ್ಲ ತಾನೆ?"

ಆಯಮ್ಮನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. "ಇಲ್ಲಮ್ಮ," ಅಂದಳು.

ಮರುದಿನವೂ ಕೇಳಿದಳು. ಅದರ ಮರುದಿನವೂ. ಮೊದಲ ವಾರ ಆಯಮ್ಮ ಅತ್ತಳು, ಎರಡನೆಯ ವಾರ ಅಳು ನಿಂತಿತು. ಮೂರನೆಯ ವಾರಕ್ಕೆ ಬೀದಿಯವರಿಗೆ ಔಷಧಿ ಹೇಳುವುದನ್ನು ಬಿಟ್ಟಳು. ಪಕ್ಕದ ಮನೆಯವಳು ಮಗುವಿನ ಭೇದಿಗೆ ಏನು ಕೊಡಲಿ ಎಂದು ಬಂದರೆ, ನಂಗೇನೂ ಗೊತ್ತಿಲ್ಲ, ಡಾಕ್ಟರ ಹತ್ತಿರ ಹೋಗು ಎಂದು ಬಾಗಿಲು ಹಾಕಿಕೊಂಡಳು. ತರಕಾರಿ ತೊಳೆಯುವಾಗ ನಡುವೆ ನಿಂತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ತೂಕ ಇಳಿಯಿತು. ಆದರೆ ಬೆಳಿಗ್ಗೆ ಏಳಕ್ಕೆ ಗುಳಿಗೆ ಹಿಡಿದು ನಿಲ್ಲುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೇಡ, ನಾನು ಕೊಡುತ್ತೇನೆ ಎಂದು ಮೆಣಸು ಕೈ ಚಾಚಿದರೆ, ನನ್ನ ಕರ್ಮ ನಾನೇ ಸವೆಸಬೇಕು ಬಿಡು ಎನ್ನುತ್ತಿದ್ದಳು.

ಮೆಣಸು ಒಂದು ದಿನ ತಾಯಿಯನ್ನು ನೇರವಾಗಿ ಕೇಳಿದಳು. "ಅಜ್ಜಿ ಸತ್ತುಹೋಗ್ತಾರಮ್ಮ ಹೀಗೆ. ನಿಂಗೆ ಸಮಾಧಾನವಾ?"

"ನಾನೂ ಹೋಗ್ತೀನಲ್ಲ. ಜೊತೆಗಾಗತ್ತೆ."

ಇಂಥ ಮಾತು ಬಾಯಿಂದ ಬಂದದ್ದಕ್ಕೆ ಚೆಕ್ಕರಮ್ಮನಿಗೇ ನೋವಾಯಿತು. ವಾಪಸು ತೆಗೆದುಕೊಳ್ಳಲಿಲ್ಲ.

ಐದನೆಯ ವಾರ, ಒಂದು ಭಾನುವಾರ ಮಧ್ಯಾಹ್ನ, ಅಜ್ಜಿ ಮೊಮ್ಮಗಳು ತಾರಸಿಯ ಮೇಲೆ ಬಟ್ಟೆ ಒಣಹಾಕಲು ಹೋಗಿದ್ದಾಗ, ಬೈಂಡರ್ ಹೆಂಡತಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡ. ಮಾತಾಡಬೇಕೆಂದು ನಾಲ್ಕು ದಿನದಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಅಮ್ಮನನ್ನ ಬಿಟ್ಟುಬಿಡು. ವಯಸ್ಸಾಗಿದೆ. ಅವಳಿಗೇನು ಗೊತ್ತಿತ್ತು?"

"ಅವರಿಗೆ ಗೊತ್ತಿರಲಿಲ್ಲ," ಎಂದಳು ಚೆಕ್ಕರಮ್ಮ.

"ಮತ್ತೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಾ?"

ಆಡಿದ ಮೇಲೆ ಅವನಿಗೆ ತಿಳಿಯಿತು, ತಾನು ಏನು ಆಡಿದೆ ಎಂದು. ಚೆಕ್ಕರಮ್ಮ ದಿಂಬಿಗೆ ಒರಗಿದ್ದವಳು ಅವನ ಮುಖವನ್ನು, ಹಿಂದೆ ಕಾಲರನ್ನು ನೋಡುತ್ತಿದ್ದ ಹಾಗೆ, ಅಂಚಿನಿಂದ ಅಂಚಿಗೆ ನೋಡಿದಳು.

"ಎತ್ತಿನ ಚರ್ಮ ದಪ್ಪ ಕಣ್ರೀ. ಬರೆ ಹತ್ತಲ್ಲ," ಅಂದಳು. "ಲ್ಯಾಬಿನ ರಿಜಿಸ್ಟರ್ ನೋಡಿಬಂದೆ. ದ್ರವ ಯಾವುದು ಅಂತ ಕೇಳಿದ್ದಕ್ಕೆ, ಆಸ್ಪತ್ರೆಯವರು ಕೊಟ್ಟ ಹಾಗೇ ತಂದಿದ್ದು ಅಂತ ಬರೆದಿದೆ. ಕೆಳಗೆ ನಿಮ್ಮ ಸಹಿ. ದುಂಡಗೆ, ಚೆನ್ನಾಗಿದೆ."

ಬೈಂಡರ್, ಸಾಲಿನಲ್ಲಿ ಜನ ಇದ್ದರು ಎಂದು ಏನೋ ತೊದಲಿದ.

"ಡಾಕ್ಟರ ಹತ್ತಿರ ಕೂತಿದ್ದಾಗ ಜನ ಇರಲಿಲ್ಲ. ನಾನೊಬ್ಬಳೇ ಇದ್ದೆ."

ತಾರಸಿಯ ಮೇಲಿಂದ ಬಟ್ಟೆ ಜಾಡಿಸುವ ಸದ್ದು ಕೇಳುತ್ತಿತ್ತು.

"ನಿಮ್ಮನ್ನ ಬೈದ್ರೆ ಶರ್ಟು ಹಾಕ್ಕೊಂಡು ಅಂಗಡಿಗೆ ಹೋಗ್ತೀರಿ," ಎಂದಳು ಅವಳು. "ಅವರನ್ನ ಕೇಳಿದ್ರೆ ನಿಮಗೆ ಸ್ವಲ್ಪ ತಾಗತ್ತೆ. ಇಷ್ಟು ವರ್ಷದಲ್ಲಿ ನಿಮಗೆ ತಾಗೋ ಜಾಗ ಅಂತ ಸಿಕ್ಕಿದ್ದು ಅದೊಂದೇ."

"ಎಷ್ಟು ದಿನ ಹೀಗೆ?"

"ಗುಳಿಗೆ ಎಷ್ಟು ದಿನ ಕೆಲಸ ಮಾಡತ್ತೋ ಅಷ್ಟು ದಿನ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಇಲ್ಲದಿದ್ರೆ ನಾಳೆ ಬೆಳಿಗ್ಗೇನೇ ನಿಲ್ಲಿಸ್ತೀನಿ. ಅವರ ಮುಂದೆ, ಮಗಳ ಮುಂದೆ, ನೀವೇ ಹೇಳಿ. ಅಮ್ಮ ಹೇಳು ಅಂದಿದ್ರು, ನಾನು ಹೇಳಲಿಲ್ಲ, ಅಂತ. ಅಷ್ಟೇ ಸಾಕು. ಅದಾದ್ಮೇಲೆ ನಾನು ಯಾರನ್ನೂ ಏನೂ ಕೇಳಲ್ಲ."

ಬೈಂಡರ್ ಆಗಲಿ ಎನ್ನುವಂತೆ ತಲೆ ಆಡಿಸಿದ. ಆ ರಾತ್ರಿ ತಾಯಿಯ ತಟ್ಟೆಗೆ ತಾನೇ ಅನ್ನ ಬಡಿಸಿದ. ತಿನ್ನಮ್ಮ, ಇಳಿದುಹೋಗಿದೀಯ ಅಂದ. ಆಯಮ್ಮನಿಗೆ ಅಷ್ಟಕ್ಕೇ ಕಣ್ಣು ತುಂಬಿತು. ಚೆಕ್ಕರಮ್ಮನೂ ಅವತ್ತು ಪೂರ್ತಿ ಊಟ ಮಾಡಿದಳು.

ಬೆಳಿಗ್ಗೆ ಏಳಕ್ಕೆ ಆಯಮ್ಮ ಗುಳಿಗೆ, ಲೋಟ ಹಿಡಿದು ಬಂದು ನಿಂತಳು. ಮೆಣಸು ಬ್ಯಾಗಿಗೆ ಪುಸ್ತಕ ಹಾಕುತ್ತಿದ್ದಳು. ಚೆಕ್ಕರಮ್ಮ ಗುಳಿಗೆಯನ್ನು ತೆಗೆದುಕೊಂಡು, ಅಂಗೈಯಲ್ಲಿಟ್ಟುಕೊಂಡು, ಗಂಡನ ಕಡೆ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಂದ ಏನನ್ನೂ ಅಷ್ಟು ಆಸೆಯಿಂದ ಕಾದಿರಲಿಲ್ಲ. ಬೈಂಡರ್ ಟೀ ಲೋಟವನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ತಾಯಿಯ ಕಡೆ ತಿರುಗಿದ.

"ಅಮ್ಮಾ," ಅಂದ.

"ಏನಪ್ಪಾ?"

ಮುದುಕಿ ಅವನನ್ನು ನೋಡಿದಳು. ಹೆದರಿದ, ಬಡಕಲಾದ ಮುಖ. ಮಗ ಏನು ಹೇಳಿದರೂ ಕೇಳುತ್ತೇನೆ ಎನ್ನುವ ಮುಖ. ಮಗಳೂ ಬ್ಯಾಗು ಬಿಟ್ಟು ತಲೆ ಎತ್ತಿದಳು.

"ಟೀಗೆ ಸಕ್ಕರೆ ಕಮ್ಮಿಯಾಗಿದೆ," ಎಂದ ಬೈಂಡರ್.

ಚೆಕ್ಕರಮ್ಮ ಗುಳಿಗೆಯನ್ನು ಬೆಳಕಿಗೆ ಹಿಡಿದಳು.

"ತೊಳೆದಿಲ್ಲ ತಾನೆ, ಅತ್ತೆ?"

"ಇಲ್ಲಮ್ಮ," ಎಂದಳು ಆಯಮ್ಮ, ಮತ್ತು ಮಗನಿಗೆ ಸಕ್ಕರೆ ತರಲು ಒಳಗೆ ಹೋದಳು.